ಆಲೆಮನೆ ಕೊಪ್ಪರಿಗೆಯಿಂದ ಮನೆಯ ಪೈವರೆಗೆ: ಪ್ರೋಟೋಬಫ್ ಹಾಕಿದ್ದು, ನೋಡಿಕೊಳ್ಳುತ್ತಿರುವುದು

ಇದು ಪ್ರೋಟೋಕಾಲ್ ಬಫರ್ಸ್ ಬಗ್ಗೆ. ಎಲ್ಲರೂ ಚಿಕ್ಕದಾಗಿ ಪ್ರೋಟೋಬಫ್ ಅನ್ನುತ್ತಾರಲ್ಲ, ಅದೇ: ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ಮಾಹಿತಿಯನ್ನು ಕೆಲವೇ ಬೈಟ್‌ಗಳಲ್ಲಿ ಕಟ್ಟಿ ಕಳಿಸುವ ವಿಧಾನ. ಒಂದು ಇಎಸ್‌ಪಿ32 (ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್), ಒಂದು ರಾಸ್ಪ್‌ಬೆರಿ ಪೈ (ಅಂಗೈ ಅಗಲದ ಕಂಪ್ಯೂಟರ್), ನನ್ನ ಲ್ಯಾಪ್‌ಟಾಪ್, ಈ ಮೂರರ ಮಧ್ಯೆ ಅದನ್ನು ಹೇಗೆ ಕೂರಿಸಿದೆ, ಕೂರಿಸಿದ ಮೇಲೆ ಏನೇನು ತಕರಾರು ತೆಗೆಯಿತು ಅನ್ನುವುದನ್ನು ಬರೆದಿಡುತ್ತಿದ್ದೇನೆ. ಜಾಗ ಮಂಡ್ಯದಿಂದ ಪಾಂಡವಪುರದ ಕಡೆಗೆ, ನಮ್ಮ ಸೋದರಮಾವನ ಆಲೆಮನೆ.

ಮಾವ ಕೇಳಿದ್ದು ಸಣ್ಣ ವಿಷಯ. ಕೊಪ್ಪರಿಗೆಯಲ್ಲಿ ಪಾಕ ಎಷ್ಟು ಬಿಸಿ ಇದೆ ಅಂತ ಮನೆಯಲ್ಲಿ ಕೂತು ಫೋನಿನಲ್ಲಿ ನೋಡಬೇಕು. ಯಾವ ಊರಿನ ಕಬ್ಬು ಎಷ್ಟು ಹೊತ್ತಿಗೆ ಹದಕ್ಕೆ ಬಂತು ಅಂತ ದಾಖಲೆ ಇರಬೇಕು. ಅಚ್ಚು ಬೆಲ್ಲಕ್ಕೆ ಪಾಕ ಇಳಿಸುವುದು ಸುಮಾರು 118 ಡಿಗ್ರಿ ಆಸುಪಾಸಿನಲ್ಲಿ. ಅದಕ್ಕಿಂತ ಬೇಗ ಇಳಿಸಿದರೆ ಬೆಲ್ಲ ಮೆತ್ತಗೆ, ತಡವಾದರೆ ಬಣ್ಣ ಕಪ್ಪು. ಪಾಕ ನೋಡುವ ಅಣ್ಣ ಇದನ್ನೆಲ್ಲ ಒಂದು ಹನಿ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ ಹೇಳಿಬಿಡುತ್ತಾರೆ. ನನ್ನ ಡಬ್ಬಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಹದ ಹೇಳ್ತದಾ ಅಳಿಯಂದ್ರೇ, ಇಲ್ಲ ಬರೀ ಬಿಸಿ ಹೇಳ್ತದಾ?" ಬರೀ ಬಿಸಿ ಅಣ್ಣ ಅಂದೆ. "ಹಂಗಾದ್ರೆ ಇರ್ಲಿ ಬುಡಿ" ಅಂದರು.

ಅಳೆಯುವ ಕಡೆಯ ವಿಚಾರ ಬೇಗ ಮುಗಿಸುತ್ತೇನೆ. ಸ್ಟೀಲ್ ಕವಚದ ಕೆ ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ಸೆನ್ಸಾರ್), ಅದರ ಹಿಂದೆ ಮ್ಯಾಕ್ಸ್6675 ಚಿಪ್. ಈ ಚಿಪ್ ಕಾಲು ಡಿಗ್ರಿ ಲೆಕ್ಕದಲ್ಲಿ ಬಿಸಿ ಕೊಡುತ್ತದೆ. ಇದು ತಾನು ಕೂತಿರುವ ಜಾಗದ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯುವುದರಿಂದ ಡಬ್ಬಿಯನ್ನು ಒಲೆಯ ಬಾಯಿಂದ ದೂರ, ಗೋಡೆಯ ಆಚೆ ಬದಿಗೆ ಹಾಕಬೇಕು. ನಡುವಿನ ವೈರ್ ಕೂಡ ಕೆ ಟೈಪ್‌ದೇ ಆಗಬೇಕು, ಮನೆ ವೈರಿಂಗಿನ ತಾಮ್ರದ ತುಂಡು ಸೇರಿಸಿದರೆ ರೀಡಿಂಗ್ ಸುಳ್ಳು ಬರುತ್ತದೆ. ಪರೀಕ್ಷೆಗೆ ಬರೀ ನೀರು ಕುದಿಸಿ ನೋಡಿ. ಮಂಡ್ಯ ಸಮುದ್ರ ಮಟ್ಟದಿಂದ 670 ಮೀಟರ್‌ಗಿಂತ ಮೇಲಿದೆ, ಇಲ್ಲಿ ನೀರು ಕುದಿಯುವುದು 98ರ ಹತ್ತಿರ. ಶಾಲೆಯಲ್ಲಿ ಓದಿದ 100 ಬರಲಿಲ್ಲ ಅಂತ ಸೆನ್ಸಾರ್ ಬದಲಾಯಿಸಲು ಹೋಗಬೇಡಿ.

ಆಲೆಮನೆಯಿಂದ ಮನೆಗೆ ಕಬ್ಬಿನ ಗದ್ದೆ ಅಡ್ಡ. ವೈಫೈ ತಲುಪುವುದಿಲ್ಲ. ಹಾಗಾಗಿ ಲೋರಾ ರೇಡಿಯೋ, 865ರಿಂದ 867 ಮೆಗಾಹರ್ಟ್ಸ್, ಇದಕ್ಕೆ ನಮ್ಮಲ್ಲಿ ಲೈಸೆನ್ಸ್ ಬೇಡ. ಮನೆಯಲ್ಲಿ ಇನ್ನೊಂದು ಇಎಸ್‌ಪಿ32 ಅದನ್ನು ಹಿಡಿದು ಯುಎಸ್‌ಬಿ ಮೂಲಕ ಪೈಗೆ ಕೊಡುತ್ತದೆ.

ಪ್ರೋಟೋಬಫ್ ಬೇಕಾಗಿದ್ದು ಈ ಲೋರಾದಿಂದಾಗಿ. ಲೋರಾ ದೂರ ಹೋಗುತ್ತದೆ, ಆದರೆ ನಿಧಾನ. ಒಂದೊಂದು ಬೈಟ್‌ಗೂ ಸಮಯ ಕೊಡಬೇಕು.

ಯಾಕೆ ಇದೇ

ನಾವು ಕಳಿಸುವುದು ನಾಲ್ಕೇ ವಿಷಯ: ಕೊಪ್ಪರಿಗೆ ನಂಬರ್, ಬಿಸಿ, ಬ್ಯಾಟರಿ ಎಷ್ಟಿದೆ, ಇದು ಎಷ್ಟನೇ ರೀಡಿಂಗ್. ಇದನ್ನೇ ಜೇಸನ್‌ನಲ್ಲಿ (ಪ್ರತಿ ಮೌಲ್ಯವನ್ನೂ ಅದರ ಹೆಸರಿನ ಸಮೇತ ಅಕ್ಷರಗಳಲ್ಲೇ ಬರೆಯುವ ವಿಧಾನ), ಹೆಸರುಗಳನ್ನು ಸ್ವಲ್ಪ ಚಿಕ್ಕದು ಮಾಡಿ ಬರೆದರೂ ನನಗೆ 45 ಬೈಟ್ ಆಯಿತು. ಪ್ರೋಟೋಬಫ್‌ನಲ್ಲಿ 11. ಆ ಹನ್ನೊಂದು ಬೈಟ್ ಇಲ್ಲಿವೆ:

08 01 10 90 03 18 84 20 20 96 01

ಇದನ್ನು ಒಮ್ಮೆ ಕೈಯಲ್ಲಿ ಬಿಡಿಸಿ ನೋಡಿದರೆ ಆಮೇಲೆ ಬರುವ ಎಲ್ಲ ಎಡವಟ್ಟೂ ಅರ್ಥ ಆಗುತ್ತದೆ, ಹಾಗಾಗಿ ಸ್ವಲ್ಪ ನಿಲ್ಲೋಣ. ಪ್ರತಿ ಫೀಲ್ಡ್‌ಗೆ, ಅಂದರೆ ಕಳಿಸುವ ಒಂದೊಂದು ವಿಷಯಕ್ಕೆ, ಮುಂದೆ ಒಂದು ಗುರುತು ಬೈಟ್. ಫೀಲ್ಡ್ ನಂಬರನ್ನು ಎಂಟರಿಂದ ಗುಣಿಸಿ, ಯಾವ ಬಗೆಯ ಮೌಲ್ಯ ಅನ್ನುವ ಸಂಖ್ಯೆ ಕೂಡಿಸಿದರೆ ಆ ಬೈಟ್ ಸಿಗುತ್ತದೆ. ಸಾದಾ ಪೂರ್ಣಾಂಕದ ಬಗೆ ಸೊನ್ನೆ. ಆದ್ದರಿಂದ 08 ಅಂದರೆ ಒಂದನೇ ಫೀಲ್ಡ್, ಅದರ ಮೌಲ್ಯ 01, ಅಂದರೆ ಒಂದನೇ ಕೊಪ್ಪರಿಗೆ. 10 ಅನ್ನುವುದು ಹದಿನಾರರ ಲೆಕ್ಕದಲ್ಲಿದೆ, ಅಂದರೆ ನಮ್ಮ 16, ಎರಡನೇ ಫೀಲ್ಡ್. ಅದರ ಮೌಲ್ಯ 90 03. ಇಲ್ಲಿ ಪ್ರತಿ ಬೈಟ್‌ನ ಏಳು ಬಿಟ್ ಮಾತ್ರ ಸಂಖ್ಯೆ, ಎಂಟನೆಯದು "ಇನ್ನೂ ಇದೆ" ಅನ್ನುವ ಸೂಚನೆ. 90ರಲ್ಲಿ ಆ ಸೂಚನೆ ತೆಗೆದರೆ ಉಳಿಯುವುದು 16. ಮುಂದಿನ 3ನ್ನು 128ರಿಂದ ಗುಣಿಸಿದರೆ 384. ಎರಡೂ ಸೇರಿ 400. ಕಾಲು ಡಿಗ್ರಿ ಲೆಕ್ಕದಲ್ಲಿ 400 ಅಂದರೆ 100 ಡಿಗ್ರಿ. ಕಬ್ಬಿನ ಹಾಲು ಕುದಿಯಲು ಶುರುವಾಗಿದೆ, ಪಾಕಕ್ಕೆ ಇನ್ನೂ ದೂರ. ಹೀಗೇ ಮುಂದೆ 18ರ ನಂತರದ್ದು 4100 ಮಿಲಿವೋಲ್ಟ್, ಕೊನೆಯ 20ರ ನಂತರದ್ದು 150ನೇ ರೀಡಿಂಗ್.

ಲೋರಾದ ಸ್ಪ್ರೆಡಿಂಗ್ ಫ್ಯಾಕ್ಟರ್ (ಹೆಚ್ಚಿದಷ್ಟೂ ದೂರ ಜಾಸ್ತಿ, ವೇಗ ಕಡಿಮೆ) 10, 125 ಕಿಲೋಹರ್ಟ್ಸ್ ಸೆಟ್ಟಿಂಗ್‌ನಲ್ಲಿ 11 ಬೈಟ್ ಗಾಳಿಯಲ್ಲಿ ಇರುವುದು ಸುಮಾರು 289 ಮಿಲಿಸೆಕೆಂಡ್. 45 ಬೈಟ್ ಆದರೆ 575. ಬ್ಯಾಟರಿಗೆ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್ನೂ ಚಿಕ್ಕದು ಬೇಕಂದರೆ ಸಿ ಭಾಷೆಯ ಸ್ಟ್ರಕ್ಟನ್ನೇ ಹಾಗೇ ಕಳಿಸಬಹುದು, 7 ಬೈಟ್ ಸಾಕು. ಗೆಳೆಯನೊಬ್ಬ ಅದನ್ನೇ ಹೇಳಿದ. ಆದರೆ ನಾಳೆ ಮಾವ "ಇನ್ನೊಂದು ವಿಷಯ ಸೇರ್ಸು" ಅಂದಾಗ ಎರಡೂ ತುದಿಯ ಕೋಡ್ ಒಂದೇ ಗಳಿಗೆಯಲ್ಲಿ ಬದಲಾಗಬೇಕು. ಮೈಸೂರಿನಲ್ಲಿ ಕೂತವನಿಗೆ ಅದು ಆಗದ ಕೆಲಸ. ಪ್ರೋಟೋಬಫ್‌ನಲ್ಲಿ ಗೊತ್ತಿಲ್ಲದ ಫೀಲ್ಡ್ ಬಂದರೆ ಹಳೆಯ ಕೋಡ್ ಅದನ್ನು ದಾಟಿಕೊಂಡು ಹೋಗುತ್ತದೆ. ನಾಲ್ಕು ಬೈಟ್ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಇಂಥವೇ ಬೇರೆ ವಿಧಾನಗಳಾದ ಮೆಸೇಜ್‌ಪ್ಯಾಕ್, ಸಿಬೋರ್ ಕೂಡ ಒಳ್ಳೆಯವೇ. ಆದರೆ ಏನು ಕಳಿಸುತ್ತಿದ್ದೇವೆ ಅನ್ನುವುದು ಒಂದು ಫೈಲ್‌ನಲ್ಲಿ ಬರೆದಿರಬೇಕು, ಅದನ್ನು ಓದಿದರೆ ಸಾಕು ಅನ್ನುವ ಹಾಗಿರಬೇಕು ಅಂತ ನನಗೆ ಆಸೆ ಇತ್ತು. ಪ್ರೋಟೋಬಫ್ ಗೂಗಲ್ ಒಳಗೆ 2001ರಿಂದ ಇದ್ದದ್ದು, 2008ರಲ್ಲಿ ಎಲ್ಲರಿಗೂ ಓಪನ್ ಸೋರ್ಸ್ ಆಗಿ ಸಿಕ್ಕಿತು. ಇಷ್ಟು ವರ್ಷ ಓಡಿದ್ದು ಇನ್ನೂ ಓಡುತ್ತದೆ ಅನ್ನುವ ನಂಬಿಕೆ.

ಹಾಕಿದ್ದು

ಮೊದಲು ಮೂರು ವಸ್ತು ಬೇರೆ ಬೇರೆ ಅಂತ ತಿಳಿದುಕೊಳ್ಳಬೇಕು. ಒಂದು, ಪ್ರೋಟೋಸಿ ಅನ್ನುವ ಕಂಪೈಲರ್. ನಾವು ಬರೆದ ಡಾಟ್ ಪ್ರೋಟೋ ಫೈಲನ್ನು ಓದಿ ಪೈಥಾನ್, ಸಿ ಪ್ಲಸ್ ಪ್ಲಸ್ ಹೀಗೆ ಬೇಕಾದ ಭಾಷೆಯಲ್ಲಿ ಕೋಡ್ ಹುಟ್ಟಿಸಿಕೊಡುತ್ತದೆ. ಎರಡು, ಹಾಗೆ ಹುಟ್ಟಿದ ಫೈಲ್. ಮೂರು, ಆ ಫೈಲ್ ಓಡಲು ಬೇಕಾದ ರನ್‌ಟೈಮ್ ಲೈಬ್ರರಿ, ಪೈಥಾನ್‌ನಲ್ಲಾದರೆ ಪಿಪ್‌ನಿಂದ ಬರುವ ಪ್ರೋಟೋಬಫ್ ಪ್ಯಾಕೇಜ್. ಈ ಮೂರೂ ಹೊಂದಿಕೊಂಡಿದ್ದರೆ ಮಾತ್ರ ಕೆಲಸ ಆಗುತ್ತದೆ. ಇನ್‌ಸ್ಟಾಲ್ ಸುಲಭ, ಹೊಂದಾಣಿಕೆ ಕಾಪಾಡುವುದೇ ಕೆಲಸ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04. ಅದರಲ್ಲಿ ಆಪ್ಟ್ (ಸಿಸ್ಟಮ್‌ನ ಪ್ಯಾಕೇಜ್ ಹಾಕುವ ಸಾಧನ) ಕೊಡುವ ಪ್ರೋಟೋಸಿ 3.12.4. ಪೈನಲ್ಲಿ ಡೆಬಿಯನ್ 12 ಬುಕ್‌ವರ್ಮ್, ಅಲ್ಲಿ ಆಪ್ಟ್ ಕೊಡುವುದು 3.21.12. ಇಲ್ಲಿಗೇ ಜೋಡಿ ತಪ್ಪಿತು. ಅದೂ ಅಲ್ಲದೆ ನನಗೆ ಆಪ್ಷನಲ್ ಅನ್ನುವ ಗುರುತು ಬೇಕಿತ್ತು. ಡಾಟ್ ಪ್ರೋಟೋ ಫೈಲ್‌ಗೆ ನಾನು ಬಳಸಿದ ಪ್ರೋಟೋ3 ಬರವಣಿಗೆಯಲ್ಲಿ ಸೊನ್ನೆ ಮೌಲ್ಯವನ್ನು ಕಳಿಸುವುದೇ ಇಲ್ಲ. ಸೊನ್ನೆ ಬಂತೋ, ಏನೂ ಬರಲಿಲ್ಲವೋ ಗೊತ್ತಾಗುವುದಿಲ್ಲ. ಥರ್ಮೋಕಪಲ್ ವೈರ್ ಕಿತ್ತುಹೋದರೆ ಮ್ಯಾಕ್ಸ್6675 ಅದನ್ನು ಒಂದು ಬಿಟ್‌ನಲ್ಲಿ ಹೇಳುತ್ತದೆ. ಆಗ ಬಿಸಿಯ ಫೀಲ್ಡನ್ನು ಖಾಲಿ ಬಿಡಬೇಕು, ಈ ಕಡೆ "ರೀಡಿಂಗ್ ಇಲ್ಲ" ಅಂತ ಕಾಣಬೇಕು. ಅದಕ್ಕೆ ಆಪ್ಷನಲ್. 3.12ರಲ್ಲಿ ಅದು ಪ್ರಯೋಗದ ಹಂತದಲ್ಲಿತ್ತು, ಬೇರೆ ಫ್ಲ್ಯಾಗ್ ಹಾಕದಿದ್ದರೆ ಕಂಪೈಲರ್ ಒಪ್ಪುವುದಿಲ್ಲ. 3.15ರಿಂದ ಸುಮ್ನೆ ಬರೆದರೆ ಸಾಕು.

ಹಾಗಾಗಿ ಆಪ್ಟ್ ಬಿಟ್ಟೆ. ಪ್ರಾಜೆಕ್ಟ್‌ನವರೇ ಗಿಟ್‌ಹಬ್‌ನಲ್ಲಿ ಪ್ರತಿ ಬಿಡುಗಡೆಗೂ ರೆಡಿ ಜಿಪ್ ಇಟ್ಟಿರುತ್ತಾರೆ. 25.3 ತಗೊಂಡೆ. ಜಿಪ್ ಒಳಗೆ ಬಿನ್ ಅನ್ನುವ ಫೋಲ್ಡರ್‌ನಲ್ಲಿ ಪ್ರೋಟೋಸಿ, ಪಕ್ಕದಲ್ಲಿ ಇನ್‌ಕ್ಲೂಡ್ ಅನ್ನುವ ಫೋಲ್ಡರ್. ತುಂಬ ಜನ ಪ್ರೋಟೋಸಿ ಒಂದನ್ನೇ ಎತ್ತಿ ಸಿಸ್ಟಮ್ ಬಿನ್‌ಗೆ ಹಾಕಿಬಿಡುತ್ತಾರೆ. ಆಮೇಲೆ ಟೈಮ್‌ಸ್ಟ್ಯಾಂಪ್ ಇಂಪೋರ್ಟ್ ಮಾಡಿದ ತಕ್ಷಣ ಫೈಲ್ ಸಿಗಲಿಲ್ಲ ಅಂತ ಬೈಯುತ್ತದೆ. ಆ ಫೈಲ್‌ಗಳು ಇರುವುದೇ ಇನ್‌ಕ್ಲೂಡ್‌ನಲ್ಲಿ, ಪ್ರೋಟೋಸಿ ತನ್ನ ಪಕ್ಕದಲ್ಲೇ ಅದನ್ನು ಹುಡುಕುತ್ತದೆ. ಎರಡನ್ನೂ ಒಟ್ಟಿಗೇ, ಹೆಸರಲ್ಲಿ ವರ್ಷನ್ ಇರುವ ಫೋಲ್ಡರ್ ಮಾಡಿ ಆಪ್ಟ್ ಮುಟ್ಟದ ಜಾಗದಲ್ಲಿ ಇಟ್ಟೆ. ಮುಂದೆ ಹೊಸದು ಬಂದರೆ ಅದರ ಪಕ್ಕದಲ್ಲೇ ಇನ್ನೊಂದು ಫೋಲ್ಡರ್, ಹಳೆಯದು ಅಳಿಸುವುದಿಲ್ಲ. ಹಳೆಯ ಪ್ಯಾಕೇಜನ್ನು ಆಪ್ಟ್‌ನಿಂದ ತೆಗೆದುಬಿಡಿ, ಇಲ್ಲದಿದ್ದರೆ ಒಂದು ಟರ್ಮಿನಲ್‌ನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಓಡುತ್ತಿರುತ್ತದೆ.

ಇದರ ನಂಬರ್ ಲೆಕ್ಕ ಹೊಸಬರಿಗೆ ತಲೆ ಕೆಡಿಸುತ್ತದೆ. 3.20ರ ನಂತರ ಕಂಪೈಲರ್ ಮುಂದಿನ 3 ಬಿಟ್ಟು 21 ಆಯಿತು. ಪೈಥಾನ್ ಲೈಬ್ರರಿ ಅದೇ ಹೊತ್ತಿಗೆ 4.21 ಆಯಿತು. ಅಂದರೆ ಪ್ರೋಟೋಸಿ 25.3ಕ್ಕೆ ಪೈಥಾನ್ 4.25.3 ಜೋಡಿ. ಜಾವಾದಲ್ಲಿ ಅದೇ 3.25.3. ಕೊನೆಯ ಎರಡು ಸಂಖ್ಯೆ, ಅಂದರೆ 25 ಮತ್ತು 3, ನೋಡಿ, ಮುಂದಿನದು ಭಾಷೆಗೆ ಬಿಟ್ಟದ್ದು. ಇದನ್ನು ಯಾಕೆ ಹೀಗೆ ಮಾಡಿದರೋ ಅಂತ ಬೈದುಕೊಂಡಿದ್ದೇನೆ. ಒಮ್ಮೆ ತಿಳಿದ ಮೇಲೆ ತೊಂದರೆ ಇಲ್ಲ.

ಪೈಗೆ ಪ್ರೋಟೋಸಿ ಹಾಕಲೇ ಇಲ್ಲ. ಬೇಡ. ಕೋಡ್ ಹುಟ್ಟಿಸುವುದು ಲ್ಯಾಪ್‌ಟಾಪ್‌ನಲ್ಲಿ, ಹುಟ್ಟಿದ ಫೈಲ್ ಗಿಟ್‌ಗೆ (ಕೋಡ್ ಕಾಪಿಡುವ ಭಂಡಾರ), ಗಿಟ್‌ನಿಂದ ಪೈಗೆ. ಹುಟ್ಟಿದ ಫೈಲನ್ನು ಗಿಟ್‌ಗೆ ಹಾಕಬಾರದು ಅನ್ನುವವರು ಇದ್ದಾರೆ. ದೊಡ್ಡ ತಂಡಕ್ಕೆ ಆ ಮಾತು ಸರಿ. ಇಲ್ಲಿ ಆಲೆಮನೆ ಸೀಸನ್ ಮಧ್ಯೆ ಪೈ ಎಸ್‌ಡಿ ಕಾರ್ಡ್ ಸತ್ತರೆ, ಮಾವನ ಮಗಳು ಹೊಸ ಕಾರ್ಡ್‌ಗೆ ಗಿಟ್‌ನಿಂದ ಎಳೆದುಕೊಂಡು ಶುರು ಮಾಡುವ ಹಾಗಿರಬೇಕು. ಅವಳಿಗೆ ಕಂಪೈಲರ್ ಪಾಠ ಹೇಳಲು ನನಗೆ ಮನಸ್ಸಿಲ್ಲ, ಕೇಳಲು ಅವಳಿಗೂ ಮನಸ್ಸಿಲ್ಲ.

ನೀವು ಪೈನಲ್ಲೇ ಹಾಕುವುದಾದರೆ ಒಂದು ಎಚ್ಚರ. ರೆಡಿ ಜಿಪ್ ಇರುವುದು 64 ಬಿಟ್ ಆರ್ಮ್‌ಗೆ. ಪೈನಲ್ಲಿ ಕರ್ನಲ್ 64 ಬಿಟ್ ಇದ್ದು, ಮೇಲಿನ ಸಿಸ್ಟಮ್ 32 ಬಿಟ್ ಇರುವುದುಂಟು. ಕರ್ನಲ್ ಏನು ಹೇಳುತ್ತದೆ ಅಂತ ನೋಡಿ ನಂಬಬೇಡಿ, ಡೆಬಿಯನ್‌ನ ಪ್ಯಾಕೇಜ್ ಸಾಧನ ಡಿಪಿಕೆಜಿಗೆ ಯಾವ ಆರ್ಕಿಟೆಕ್ಚರ್ ಅಂತ ಕೇಳಿ. ಇನ್ನು ಬುಕ್‌ವರ್ಮ್‌ನಲ್ಲಿ ಪಿಪ್ ನೇರವಾಗಿ ಸಿಸ್ಟಮ್‌ಗೆ ಏನೂ ಹಾಕಲು ಬಿಡುವುದಿಲ್ಲ. ಅದನ್ನು ಬಲವಂತ ಮಾಡುವ ಫ್ಲ್ಯಾಗ್ ಇದೆ, ಅದು ಬೇಡ. ಒಂದು ವರ್ಚುಯಲ್ ಎನ್ವಿರಾನ್‌ಮೆಂಟ್ (ಸಿಸ್ಟಮ್‌ನಿಂದ ಬೇರೆಯಾದ ಪೈಥಾನ್ ಫೋಲ್ಡರ್) ಮಾಡಿ, ಅದರೊಳಗೆ 4.25.3 ಅಂತ ಪೂರ್ತಿ ನಂಬರ್ ಬರೆದೇ ಹಾಕಿದೆ.

ಇಎಸ್‌ಪಿ32 ಕಡೆ ಗೂಗಲ್‌ನ ಸಿ ಪ್ಲಸ್ ಪ್ಲಸ್ ಲೈಬ್ರರಿ ಭಾರ. ಅಲ್ಲಿಗೆ ನ್ಯಾನೋಪಿಬಿ ಅನ್ನುವ ಓಪನ್ ಸೋರ್ಸ್ ಲೈಬ್ರರಿ, 0.4 ಸರಣಿಯದ್ದು. ಎನ್‌ಕೋಡ್, ಡಿಕೋಡ್, ಕಾಮನ್ ಅಂತ ಮೂರು ಸಿ ಫೈಲ್, ಅಷ್ಟೇ. ಅದರ ಜನರೇಟರ್ ಪೈಥಾನ್‌ನಲ್ಲಿದೆ. ಇಲ್ಲೊಂದು ಅಡಗಿದ ಕಲ್ಲಿದೆ: ಜಿಆರ್‌ಪಿಸಿ ಟೂಲ್ಸ್ ಪ್ಯಾಕೇಜ್ ನಿಮ್ಮ ಪೈಥಾನ್‌ನಲ್ಲಿ ಇದ್ದರೆ, ಜನರೇಟರ್ ಅದರೊಳಗಿನ ಪ್ರೋಟೋಸಿಯನ್ನೇ ಬಳಸುತ್ತದೆ. ನಾವು ಕಷ್ಟಪಟ್ಟು ಇಟ್ಟ 25.3 ಸುಮ್ಮನೆ ಕೂತಿರುತ್ತದೆ. ಆ ಪ್ಯಾಕೇಜ್ ಇಲ್ಲದ ಬೇರೆ ಎನ್ವಿರಾನ್‌ಮೆಂಟ್ ಮಾಡಿಕೊಂಡೆ.

ನ್ಯಾನೋಪಿಬಿಯಲ್ಲಿ ಆಪ್ಷನಲ್ ಫೀಲ್ಡ್‌ಗೆ "ಇದೆ" ಅನ್ನುವ ಇನ್ನೊಂದು ಸ್ವಿಚ್ ಇರುತ್ತದೆ. ಮೌಲ್ಯ ತುಂಬಿದರೆ ಸಾಲದು, ಆ ಸ್ವಿಚ್ಚನ್ನೂ ಟ್ರೂ ಮಾಡಬೇಕು. ಮಾಡದಿದ್ದರೆ ಯಾವ ಎರರ್ ಕೂಡ ಇಲ್ಲದೆ ಫೀಲ್ಡ್ ಮಾಯ. ಬಿಸಿ ಬರುತ್ತಿಲ್ಲ ಅಂತ ಥರ್ಮೋಕಪಲ್ ಬಿಚ್ಚುವ ಮೊದಲು ಇದನ್ನು ನೋಡಿ.

ಪಾಂಡವಪುರಕ್ಕೆ ಜಾಗ ಸಾಲಲಿಲ್ಲ

ಕಬ್ಬು ಯಾವ ಊರಿನದು ಅನ್ನುವುದು ಮಾವನಿಗೆ ಮುಖ್ಯ. ಫೋನಿನಲ್ಲಿ ಊರು ಆರಿಸಿದರೆ ಅದು ಪೈಗೆ, ಅಲ್ಲಿಂದ ಆಲೆಮನೆಯ ಡಬ್ಬಿಗೆ ಹೋಗುತ್ತದೆ. ಲಿಂಕ್ ಕಡಿದಾಗ ಡಬ್ಬಿ ತನ್ನ ಫ್ಲ್ಯಾಶ್‌ನಲ್ಲೇ ರೀಡಿಂಗ್ ಬರೆದುಕೊಳ್ಳಬೇಕು, ಊರಿನ ಸಮೇತ. ಹಾಗಾಗಿ ಐದನೇ ಫೀಲ್ಡ್ ಊರಿನ ಹೆಸರು, ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು.

ಮೈಕ್ರೋಕಂಟ್ರೋಲರ್‌ನಲ್ಲಿ ಸ್ಟ್ರಿಂಗ್‌ಗೆ ಮೊದಲೇ ಜಾಗ ಗೊತ್ತು ಮಾಡಬೇಕು. ನ್ಯಾನೋಪಿಬಿಯ ಆಪ್ಷನ್ಸ್ ಫೈಲ್‌ನಲ್ಲಿ ಗರಿಷ್ಠ 24 ಅಂತ ಬರೆದಿತ್ತು. ಇಂಗ್ಲಿಷ್ ಅಕ್ಷರವಾದರೆ ಧಾರಾಳ. ಕನ್ನಡದಲ್ಲಿ ಪ್ರತಿ ಕೋಡ್‌ಪಾಯಿಂಟ್‌ಗೂ, ಅಂದರೆ ಅಕ್ಷರದ ಒಂದೊಂದು ತುಂಡಿಗೂ, ಯುಟಿಎಫ್-8 ಅನ್ನುವ ಬರವಣಿಗೆ ಕ್ರಮದಲ್ಲಿ ಮೂರು ಬೈಟ್. ಒತ್ತಕ್ಷರ ಬಂದರೆ ಅದಕ್ಕೆ ಹಲಂತದ ಚಿಹ್ನೆ ಬೇರೆ, ಕೊಂಬು ದೀರ್ಘ ಎಲ್ಲ ಬೇರೆ ಬೇರೆ. ಮಂಡ್ಯ 15 ಬೈಟ್, ಬಂತು. ಮದ್ದೂರು 21, ಬಂತು. ಪಾಂಡವಪುರ ಸರಿಯಾಗಿ 24. ಆದರೆ ನ್ಯಾನೋಪಿಬಿ ಹೇಳುವ ಗರಿಷ್ಠದಲ್ಲಿ, ಸ್ಟ್ರಿಂಗ್ ಮುಗಿಯಿತು ಅಂತ ಹೇಳುವ ಕೊನೆಯ ಸೊನ್ನೆ ಬೈಟೂ ಸೇರಿದೆ. ಅಂದರೆ 25 ಬೇಕು. ಒಂದೇ ಒಂದು ಬೈಟ್‌ಗೆ ಪಾಂಡವಪುರ ಹೊರಗೆ ನಿಂತಿತು. ಡಬ್ಬಿ "ಸ್ಟ್ರಿಂಗ್ ಓವರ್‌ಫ್ಲೋ" ಅಂತ ಇಡೀ ಮೆಸೇಜನ್ನೇ ಬಿಸಾಡಿತು. ಶ್ರೀರಂಗಪಟ್ಟಣ 36, ಅದರ ಮಾತೇ ಬೇಡ.

ಉದ್ದ ಜಾಸ್ತಿ ಆದರೆ ಕತ್ತರಿಸಿ ಕಳಿಸೋಣ ಅನ್ನಿಸುವುದು ಸಹಜ. ಅದನ್ನು ಮಾತ್ರ ಮಾಡಬೇಡಿ. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಮೂರು ಬೈಟ್‌ನ ಅಕ್ಷರ ಅರ್ಧಕ್ಕೆ ಕಡಿದು ಹೋಗಬಹುದು. ಪ್ರೋಟೋ3ರಲ್ಲಿ ಸ್ಟ್ರಿಂಗ್ ಅಂದರೆ ಸರಿಯಾದ ಯುಟಿಎಫ್-8 ಇರಲೇಬೇಕು. ಅರ್ಧ ಅಕ್ಷರ ಬಂದರೆ ಪೈಥಾನ್ ಕಡೆ ಆ ಮೆಸೇಜ್ ಪಾರ್ಸ್ ಆಗುವುದಿಲ್ಲ, ಅದರ ಜೊತೆ ಬಿಸಿ, ಬ್ಯಾಟರಿ ಎಲ್ಲವೂ ಹೋಯಿತು. ಇಂಗ್ಲಿಷ್‌ನಲ್ಲಿ ಟೆಸ್ಟ್ ಮಾಡಿದವರಿಗೆ ಇದು ಎಂದೂ ಕಾಣುವುದಿಲ್ಲ. ನಮ್ಮ ಭಾಷೆಯ ಹೆಸರುಗಳಲ್ಲೇ ಟೆಸ್ಟ್ ಮಾಡಬೇಕು, ಅದೂ ಉದ್ದದ ಊರು ಹುಡುಕಿ.

ಜಾಗವನ್ನು 64 ಮಾಡಿದರೂ ಆಗುತ್ತಿತ್ತು. ಆದರೆ 36 ಬೈಟ್ ಹೆಸರನ್ನು ಲೋರಾದಲ್ಲಿ ಹೊತ್ತುಕೊಂಡು ಹೋಗುವುದಾದರೆ ಜೇಸನ್ ಬಿಟ್ಟು ಬಂದದ್ದಾದರೂ ಯಾಕೆ? ಊರಿಗೊಂದು ನಂಬರ್ ಕೊಟ್ಟೆ. ಪಟ್ಟಿ ಪೈನಲ್ಲೇ ಇದೆ, ಗಾಳಿಯಲ್ಲಿ ಹೋಗುವುದು ನಂಬರ್ ಮಾತ್ರ. ಅದು ಆರನೇ ಫೀಲ್ಡ್.

ಐದನ್ನೇ ಬದಲಾಯಿಸಿ ನಂಬರ್ ಮಾಡಬಹುದಿತ್ತಲ್ವಾ ಅಂತ ಕೇಳಬಹುದು. ಆಗದು. ಫ್ಲ್ಯಾಶ್‌ನಲ್ಲಿ, ಪೈನ ಲಾಗ್‌ನಲ್ಲಿ ಹಳೆಯ ಐದು ಸ್ಟ್ರಿಂಗ್ ಆಗಿ ಕೂತಿದೆ. ಬೈಟ್‌ಗಳಲ್ಲಿ ಹೆಸರು ಇರುವುದಿಲ್ಲ, ನಂಬರ್ ಮಾತ್ರ ಇರುತ್ತದೆ. ಐದಕ್ಕೆ ಬೇರೆ ಅರ್ಥ ಕೊಟ್ಟರೆ ಹಳೆಯ ದಾಖಲೆ ಓದುವಾಗ ಗೋಜಲು. ಐದನ್ನು ಅಳಿಸಿ, ಆ ಜಾಗದಲ್ಲಿ ರಿಸರ್ವ್ಡ್ ಅಂತ ನಂಬರನ್ನೂ ಹಳೆಯ ಹೆಸರನ್ನೂ ಬರೆದೆ. ಮುಂದೆ ಯಾರಾದರೂ, ಮರೆತು ನಾನೇ ಆಗಲಿ, ಐದನ್ನು ಬಳಸಲು ಹೋದರೆ ಕಂಪೈಲರ್ ತಡೆಯುತ್ತದೆ. 1ರಿಂದ 15ರವರೆಗಿನ ನಂಬರ್‌ಗೆ ಗುರುತು ಒಂದೇ ಬೈಟ್, 16ರಿಂದ ಎರಡು. ಹದಿನೈದರಲ್ಲಿ ಒಂದು ಹೋಯಿತು, ಅಷ್ಟೇ ನಷ್ಟ.

ಲಾಗ್ ಫೈಲ್‌ನಲ್ಲಿ ಒಂದೇ ರೀಡಿಂಗ್

ಪೈ ಬಂದ ಮೆಸೇಜನ್ನೆಲ್ಲ ಒಂದು ಫೈಲ್‌ಗೆ ಒಂದರ ಹಿಂದೆ ಒಂದು ಸೇರಿಸುತ್ತದೆ. ಓದಲು ಹೋದರೆ ಇಡೀ ರಾತ್ರಿಗೆ ಒಂದೇ ರೀಡಿಂಗ್. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಇದು ಪ್ರೋಟೋಬಫ್‌ನ ಗುಣ. ಮೆಸೇಜ್ ಎಲ್ಲಿ ಮುಗಿಯಿತು ಅನ್ನುವುದು ಮೆಸೇಜ್ ಒಳಗೆ ಬರೆದಿರುವುದಿಲ್ಲ. ಎರಡನ್ನು ಅಂಟಿಸಿದರೆ ಅದು ಒಂದೇ ಮೆಸೇಜ್ ಅಂತ ಓದಿ, ಒಂದೇ ಫೀಲ್ಡ್ ಮತ್ತೆ ಬಂದರೆ ಕೊನೆಯದನ್ನು ಇಟ್ಟುಕೊಳ್ಳುತ್ತದೆ.

ಇದನ್ನು ಕಣ್ಣಾರೆ ನೋಡಲು ಪ್ರೋಟೋಸಿಯಲ್ಲೇ ಡಿಕೋಡ್ ರಾ ಅನ್ನುವ ಆಪ್ಷನ್ ಇದೆ. ಡಾಟ್ ಪ್ರೋಟೋ ಫೈಲ್ ಇಲ್ಲದೆಯೂ ಬೈಟ್‌ಗಳನ್ನು ಬಿಡಿಸಿ ತೋರಿಸುತ್ತದೆ. ಮೇಲಿನ ಹನ್ನೊಂದು ಬೈಟ್ ಕೊಟ್ಟರೆ ಹೀಗೆ ಬರುತ್ತದೆ:

1: 1
2: 400
3: 4100
4: 150

ಲಾಗ್ ಫೈಲ್ ಕೊಟ್ಟಾಗ ಈ ನಾಲ್ಕು ಸಾಲು ಮತ್ತೆ ಮತ್ತೆ ಕೆಳಗೆ ಕೆಳಗೆ ಬಂದವು. ಅಂದರೆ ಡೇಟಾ ಎಲ್ಲ ಅಲ್ಲೇ ಇದೆ, ಗಡಿ ಇಲ್ಲ ಅಷ್ಟೇ. ಪ್ರತಿ ಮೆಸೇಜ್ ಮುಂದೆ ಅದರ ಉದ್ದವನ್ನು ಬರೆದರೆ ಸಮಸ್ಯೆ ಮುಗಿಯಿತು. ಲೋರಾದಲ್ಲಿ ಈ ತಲೆನೋವು ಇಲ್ಲ, ಪ್ಯಾಕೆಟ್‌ಗೆ ತನ್ನದೇ ಉದ್ದ ಇದೆ. ಯುಎಸ್‌ಬಿ ಸೀರಿಯಲ್ ಕಡೆಗೆ ಮಾತ್ರ ಶುರುವಿನ ಗುರುತು, ಉದ್ದ, ಕೊನೆಗೆ ಸಿಆರ್‌ಸಿ (ಬೈಟ್ ಕೆಟ್ಟಿದೆಯೇ ಅಂತ ನೋಡುವ ಸಂಖ್ಯೆ) ಹಾಕಬೇಕಾಯಿತು. ಸೊನ್ನೆ ಬೈಟ್‌ನ ಪ್ರೋಟೋಬಫ್ ಕೂಡ ಸರಿಯಾದ ಮೆಸೇಜೇ, ಎಲ್ಲ ಫೀಲ್ಡೂ ಸೊನ್ನೆ ಅಂತ ಅರ್ಥ. ಆದ್ದರಿಂದ "ಪಾರ್ಸ್ ಆಯಿತು" ಅಂದರೆ "ಸರಿ ಇದೆ" ಅಂತ ಅಲ್ಲ. ಕೊಪ್ಪರಿಗೆ ನಂಬರನ್ನು ಒಂದರಿಂದ ಶುರು ಮಾಡಿದ್ದೂ ಇದಕ್ಕೇ. ಸೊನ್ನೆ ಕಂಡರೆ ಅದು ನಮ್ಮದಲ್ಲ, ಬಿಸಾಡು.

ಪೈಗೆ ಕೊಡುವ ಮೊದಲು ಗೇಟ್‌ವೇ ಡಬ್ಬಿ, ಅಂದರೆ ಮನೆಯ ಇಎಸ್‌ಪಿ32, ಸಿಗ್ನಲ್ ಎಷ್ಟು ಬಂತು ಅಂತ ಸೇರಿಸುತ್ತದೆ. ಅದು ಯಾವಾಗಲೂ ಮೈನಸ್, ಕಬ್ಬು ಎತ್ತರ ಬೆಳೆದಾಗ ಇನ್ನೂ ಕೆಳಗೆ. ಪೂರ್ಣಾಂಕದ ಸಾದಾ ಬಗೆ ಇಂಟ್32 ಹಾಕಿದರೆ ಮೈನಸ್ ಸಂಖ್ಯೆಗೆ 10 ಬೈಟ್ ತಿನ್ನುತ್ತದೆ. ಮೈನಸ್ ಸಂಖ್ಯೆಗೆ ಹೊಂದುವ ಎಸ್‌ಇಂಟ್32 ಹಾಕಿದರೆ ಮೈನಸ್ 97 ಎರಡೇ ಬೈಟ್.

ನೋಡಿಕೊಳ್ಳುವುದು

ಶುರುವಿನಲ್ಲಿ, 25.3ಕ್ಕೆ ಹೋಗುವ ಮೊದಲು, ಪೈನ ಪೈಥಾನ್ ಫೈಲ್ ಹುಟ್ಟಿದ್ದು ಉಬುಂಟುವಿನ ಆ 3.12.4ರಿಂದಲೇ, ಪ್ರಯೋಗದ ಫ್ಲ್ಯಾಗ್ ಹಾಕಿ. ಹಳೆಯ ರನ್‌ಟೈಮ್ ಜೊತೆ ಚೆನ್ನಾಗಿಯೇ ಓಡುತ್ತಿತ್ತು. ಗ್ರಾಫ್ ಬಿಡಿಸಲು ಇನ್ನೊಂದು ಲೈಬ್ರರಿ ಹಾಕುವಾಗ ಪಿಪ್ ತಾನಾಗಿಯೇ ಪ್ರೋಟೋಬಫ್ ಪ್ಯಾಕೇಜನ್ನು 4ಕ್ಕೆ ಏರಿಸಿತು. ಸರ್ವಿಸ್ ಮೇಲೇಳಲೇ ಇಲ್ಲ. ಲಾಗ್‌ನಲ್ಲಿ "ಡಿಸ್ಕ್ರಿಪ್ಟರ್ಸ್ ಕೆನಾಟ್ ನಾಟ್ ಬಿ ಕ್ರಿಯೇಟೆಡ್ ಡೈರೆಕ್ಟ್‌ಲಿ" ಅಂತ ಬಂತು. ಎರಡು ನಾಟ್ ಇರುವುದು ನನ್ನ ಟೈಪಿಂಗ್ ಅಲ್ಲ, ಅವರ ಮೆಸೇಜೇ ಹಾಗಿತ್ತು.

ಆ ಎರರ್ ಕೆಳಗೇ ಮದ್ದನ್ನೂ ಬರೆದಿರುತ್ತದೆ. 3.19 ಅಥವಾ ಮೇಲಿನ ಪ್ರೋಟೋಸಿಯಿಂದ ಫೈಲನ್ನು ಮತ್ತೆ ಹುಟ್ಟಿಸಿ. ಆಗದಿದ್ದರೆ ರನ್‌ಟೈಮನ್ನು 3.20ಕ್ಕೆ ಇಳಿಸಿ. ಅದೂ ಆಗದಿದ್ದರೆ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಹಾಕಿ ಬರೀ ಪೈಥಾನ್‌ನಲ್ಲಿ ಓಡಿಸಿ, ನಿಧಾನ ಆಗುತ್ತದೆ. ಕೊನೆಯದು ರಾತ್ರಿ ಕಳೆಯಲು ಸರಿ. ಮಾವನ ಫೋನಿಗೆ ರೀಡಿಂಗ್ ನಿಂತುಹೋಗಿ ಅವರು "ಏನ್ ಮಗ, ಒಲೆ ಆರೋಯ್ತಾ?" ಅಂತ ಕೇಳಿದಾಗ ನಾನೂ ಅದನ್ನೇ ಹಾಕಿ, ಬೆಳಿಗ್ಗೆ 25.3ರಿಂದ ಫೈಲ್ ಹುಟ್ಟಿಸಿ ತಳ್ಳಿದೆ.

ಈಗ ಇರುವ ಕ್ರಮ ಇಷ್ಟು. ಪೈನ ಪ್ಯಾಕೇಜ್ ಪಟ್ಟಿಯಲ್ಲಿ ಪ್ರೋಟೋಬಫ್‌ಗೆ ಪೂರ್ತಿ ನಂಬರ್. ಕೋಡ್ ಹುಟ್ಟಿಸುವ ಸ್ಕ್ರಿಪ್ಟ್ ಮೊದಲು ಪ್ರೋಟೋಸಿಯ ವರ್ಷನ್ ಕೇಳಿ, ಪಟ್ಟಿಯ ಕೊನೆಯ ಎರಡು ಸಂಖ್ಯೆಗೆ ಹೋಲಿಸಿ, ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ. ಮೇಲಿನ ಹನ್ನೊಂದು ಬೈಟ್ ಟೆಸ್ಟ್‌ನಲ್ಲಿ ಕೂತಿವೆ. ಏನೇ ಬದಲಾಯಿಸಿದರೂ ಅವನ್ನು ಓದಿ 400 ಬರಬೇಕು. ಜೊತೆಗೆ ಐದನೇ ಫೀಲ್ಡ್‌ನಲ್ಲಿ ಪಾಂಡವಪುರ ಇರುವ ಒಂದು ಹಳೆಯ ಮೆಸೇಜೂ ಇದೆ, ಅದನ್ನು ಹೊಸ ಕೋಡ್ ತಕರಾರಿಲ್ಲದೆ ದಾಟಿ ಹೋಗಬೇಕು. ಒಂದು ಎಚ್ಚರ: ಓದಿದ ಮೌಲ್ಯಗಳನ್ನು ಹೋಲಿಸಿ, ಬೈಟ್‌ಗಳನ್ನಲ್ಲ. ಒಂದೇ ಮೌಲ್ಯಕ್ಕೆ ಎಲ್ಲ ವರ್ಷನ್‌ಗಳೂ ಅದೇ ಬೈಟ್ ಕ್ರಮ ಕೊಡುತ್ತವೆ ಅಂತ ಪ್ರೋಟೋಬಫ್ ಭರವಸೆ ಕೊಡುವುದಿಲ್ಲ.

ಮುಂದಿನ ದೊಡ್ಡ ವರ್ಷನ್‌ಗೆ ಹೋಗುವಾಗ ಮೊದಲು ರನ್‌ಟೈಮ್, ಆಮೇಲೆ ಪ್ರೋಟೋಸಿ. ಹೊಸ ರನ್‌ಟೈಮ್ ಹಿಂದಿನ ಒಂದು ದೊಡ್ಡ ವರ್ಷನ್‌ನಲ್ಲಿ ಹುಟ್ಟಿದ ಫೈಲನ್ನು ಓಡಿಸುತ್ತದೆ. ಹೊಸ ಫೈಲನ್ನು ಹಳೆಯ ರನ್‌ಟೈಮ್ ಓಡಿಸುವುದಿಲ್ಲ, 5ರ ಸರಣಿಯಿಂದೀಚೆಗೆ ಅದನ್ನು ಶುರುವಿನಲ್ಲೇ ಪರೀಕ್ಷಿಸಿ ನಿಲ್ಲಿಸಿಬಿಡುತ್ತದೆ. ಇಎಸ್‌ಪಿ32 ಕಡೆ ನ್ಯಾನೋಪಿಬಿ ಇನ್ನೂ ಒಳ್ಳೆಯದು. ಲೈಬ್ರರಿ ಒಂದು, ಹುಟ್ಟಿದ ಫೈಲ್ ಇನ್ನೊಂದು ಸರಣಿಯದಾದರೆ ಕಂಪೈಲೇ ಆಗುವುದಿಲ್ಲ, ಮತ್ತೆ ಹುಟ್ಟಿಸು ಅನ್ನುತ್ತದೆ. ಡಬ್ಬಿಗೆ ಹೋಗುವ ಮೊದಲೇ ಗೊತ್ತಾಗುತ್ತದೆ.

ಎರಡನೇ ಕೊಪ್ಪರಿಗೆಗೆ ಥರ್ಮೋಕಪಲ್ ಬಂದಿದೆ. ಅದಕ್ಕೆ ಹೊಸ ಫೀಲ್ಡ್ ಬೇಡ, ಒಂದನೇ ಫೀಲ್ಡ್‌ನಲ್ಲಿ 2 ಅಂತ ಕಳಿಸಿದರೆ ಆಯಿತು. ಪಾಕ ನೋಡುವ ಅಣ್ಣ ಈಗ ಬೇರೆ ಬೇಡಿಕೆ ಇಟ್ಟಿದ್ದಾರೆ. "ಆ ಮೆಷೀನ್‌ಗೆ ಒಂದು ಸ್ವಿಚ್ ಕೊಡಿ, ನಾ ಇಳ್ಸಿದ್ ಟೈಮ್‌ಗೆ ಒತ್ತುತೀನಿ, ನಿಮ್ ಬಿಸಿ ಎಷ್ಟಿತ್ತು ನೋಡ್ಮ." ಅವರು ಒತ್ತಿದ ಗಳಿಗೆ ಏಳನೇ ಫೀಲ್ಡ್ ಆಗುತ್ತದೆ. ಡಾಟ್ ಪ್ರೋಟೋ ಫೈಲ್‌ಗೆ ಅದನ್ನು ಸೇರಿಸಿದ್ದೇನೆ, ಪೈ ಕಡೆ ಹೊಸ ಕೋಡ್ ಓಡುತ್ತಿದೆ. ಆಲೆಮನೆಯ ಡಬ್ಬಿ ಇನ್ನೂ ಹಳೆಯ ಫರ್ಮ್‌ವೇರ್‌ನಲ್ಲೇ ಇದೆ, ಅದರ ರೀಡಿಂಗ್ ಎಂದಿನಂತೆ ಬರುತ್ತಿದೆ. ಬಟನ್ ಸಿಕ್ಕಿದ ಮೇಲೆ ಅದನ್ನು ಬಿಚ್ಚಿ ಹೊಸದು ಹಾಕಬೇಕು.